ಕೆಜಿಎಫ್ ಮತ್ತೆ ಶುರುವಾಗುತ್ತಾ? ದಿಬ್ಬದ ಲೆಕ್ಕ, ಊರಿನ ಲೆಕ್ಕ

"ಕೆಜಿಎಫ್ ಚಿನ್ನದ ಗಣಿ ಮತ್ತೆ ಶುರು." ಈ ಸುದ್ದಿ ಕೆಲವು ತಿಂಗಳಿಗೊಮ್ಮೆ ಮೊಬೈಲಿಗೆ ಬಂದು ಬೀಳುತ್ತದೆ. ಓದಿದವರು ಖುಷಿಪಡುತ್ತಾರೆ, ನಾಲ್ಕು ಜನಕ್ಕೆ ಕಳಿಸುತ್ತಾರೆ. ಆಮೇಲೆ ಅನುಮಾನ ಶುರುವಾಗುತ್ತದೆ. 2001ರಲ್ಲಿ ಮುಚ್ಚಿದ ಗಣಿ ಈಗ ಹೇಗೆ ತೆರೆಯಿತು? ತೆರೆದಿದ್ದರೆ ಕೆಲಸಕ್ಕೆ ಜನ ತಗೊಳ್ಳುತ್ತಿದ್ದಾರಾ? ರಜೆಯಲ್ಲಿ ಊರು ನೋಡಿಬರೋಣ ಅಂತ ಹೋದವರಿಗೆ ಗಣಿಯ ಸದ್ದೇ ಕೇಳುವುದಿಲ್ಲ. ತುಕ್ಕು ಹಿಡಿದ ಕಬ್ಬಿಣದ ಗೋಪುರಗಳು, ಸಾಲು ಸಾಲು ಪುಟ್ಟ ಮನೆಗಳು, ಅವುಗಳ ಹಿಂದೆ ಮರವಿಲ್ಲದ ಬೂದುಬಣ್ಣದ ಗುಡ್ಡಗಳು, ಕಾಣುವುದು ಇಷ್ಟೇ.

ಸುದ್ದಿ ಇರುವುದು ಆ ಬೂದು ಗುಡ್ಡಗಳ ಬಗ್ಗೆ.

ನಿಜವಾಗಿ ಆಗಿದ್ದೇನು?

2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಕೇಂದ್ರದ ಒಂದು ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಕೇಂದ್ರ ಸರ್ಕಾರದ ಭಾರತ್ ಗೋಲ್ಡ್ ಮೈನ್ಸ್ ಕಂಪನಿಯ, ಅಂದರೆ ಬಿಜಿಎಂಎಲ್‌ನ, ಗುತ್ತಿಗೆ ಜಾಗದಲ್ಲಿ 13 ದಿಬ್ಬಗಳಿವೆ. ಸುಮಾರು ಸಾವಿರ ಎಕರೆಯಲ್ಲಿ ಹರಡಿವೆ. ಅವುಗಳನ್ನು ಹರಾಜು ಹಾಕಿ, ಆ ಮಣ್ಣಿನಲ್ಲಿ ಉಳಿದುಹೋಗಿರುವ ಚಿನ್ನ ತೆಗೆಯಲು ಬಿಡಬೇಕು ಅನ್ನುವುದು ಪ್ರಸ್ತಾವ. ಬಿಜಿಎಂಎಲ್‌ನಿಂದ ತನಗೆ ಬರಬೇಕಾದ ಸುಮಾರು 75 ಕೋಟಿ ರೂಪಾಯಿ ಬಾಕಿಯ ಮಾತನ್ನೂ ರಾಜ್ಯ ಇದರ ಜೊತೆಗೇ ಎತ್ತಿತು.

ಇದು ನೆಲದ ಮೇಲಿನ ಕೆಲಸ. ಮೂರು ಕಿಲೋಮೀಟರ್ ಆಳದ ಸುರಂಗಕ್ಕೆ ಯಾರೂ ಇಳಿಯುವುದಿಲ್ಲ. ಪಂಪು ನಿಂತ ಮೇಲೆ ಆ ಸುರಂಗಗಳಲ್ಲಿ ನೀರು ತುಂಬಿಕೊಂಡಿದೆ. ಅದನ್ನು ಖಾಲಿ ಮಾಡಿ ಗಣಿ ನಡೆಸುವುದು ಬೇರೆಯೇ ವಿಷಯ, ಬೇರೆಯೇ ಖರ್ಚು. ಅದಕ್ಕೂ ಈ ಸುದ್ದಿಗೂ ಸಂಬಂಧವಿಲ್ಲ. "ಗಣಿ ಶುರು" ಅನ್ನೋ ತಲೆಬರಹ ಹಾಕಿದವರು ಈ ವ್ಯತ್ಯಾಸ ನುಂಗಿಬಿಡುತ್ತಾರೆ. ಕೆಲಸ ಸಿಗುತ್ತೆ ಅಂತ ಕಾಯುವ ಮನೆಗಳಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಆಳದ ಗಣಿಗೆ ಸಾವಿರಾರು ಜನ ಬೇಕು. ದಿಬ್ಬ ಅಗೆಯಲು ಯಂತ್ರಗಳು, ಒಂದು ಸಂಸ್ಕರಣಾ ಘಟಕ, ಅದನ್ನು ನೋಡಿಕೊಳ್ಳಲು ಕೆಲವು ನೂರು ಜನ ಇದ್ದರೆ ಸಾಕು.

ದಿಬ್ಬ ಎಲ್ಲಿಂದ ಬಂತು?

ಊರಿನವರು ಇದನ್ನು ಸೈನೈಡ್ ದಿಬ್ಬ ಅಂತಾರೆ. ಹೆಸರಿನಲ್ಲೇ ಕಥೆಯಿದೆ.

ಕೋಲಾರದ ಚಿನ್ನ ಬಿಳಿಗಲ್ಲಿನ ಪದರದಲ್ಲಿ ಸೇರಿಕೊಂಡಿರುತ್ತದೆ. ಒಂದು ಟನ್ ಕಲ್ಲು ಒಡೆದರೆ ಸಿಗುವುದು ಕೆಲವೇ ಗ್ರಾಂ. ಕಲ್ಲನ್ನು ಮೇಲಕ್ಕೆ ತಂದು, ಗಿರಣಿಯಲ್ಲಿ ಹಿಟ್ಟಿನಂತೆ ಅರೆದು, ಚಿನ್ನ ಬಿಡಿಸಿಕೊಳ್ಳಬೇಕು. ಮೊದಲು ಪಾದರಸದಿಂದ ಹಿಡಿಯುತ್ತಿದ್ದರು. 1887ರಲ್ಲಿ ಸ್ಕಾಟ್ಲೆಂಡಿನಲ್ಲಿ ಹೊಸ ವಿಧಾನವೊಂದು ಸಿಕ್ಕಿತು. ಸೈನೈಡ್ ಬೆರೆಸಿದ ನೀರಿನಲ್ಲಿ ಚಿನ್ನ ಕರಗುತ್ತದೆ, ಆಮೇಲೆ ಅದನ್ನು ಬೇರ್ಪಡಿಸಬಹುದು. ಕೋಲಾರಕ್ಕೂ ಈ ವಿಧಾನ ಬಂತು. ಚಿನ್ನ ಹೋದಮೇಲೆ ಉಳಿದ ಕೆಸರನ್ನು ಗಿರಣಿಯ ಪಕ್ಕದಲ್ಲೇ ಸುರಿದರು. ಒಂದು ಶತಮಾನ ಸುರಿದರು. ಅದೇ ಈ ಗುಡ್ಡ.

ಇಡೀ ಆಯುಷ್ಯದಲ್ಲಿ ಈ ಗಣಿಗಳು 800 ಟನ್ನಿಗೂ ಜಾಸ್ತಿ ಚಿನ್ನ ಕೊಟ್ಟಿವೆ. ಅದರ ಹಿಂದೆ ಕೋಟಿಗಟ್ಟಲೆ ಟನ್ ಕಲ್ಲು ಪುಡಿಯಾಗಿದೆ. ಸುಮಾರು 3.3 ಕೋಟಿ ಟನ್ ಪುಡಿ ಈಗಲೂ ದಿಬ್ಬಗಳಾಗಿ ಊರಿನ ನಡುವೆ ಕೂತಿದೆ. ಚಿನ್ನ ಹೊರಗೆ ಹೋಯಿತು, ಪುಡಿ ಇಲ್ಲೇ ಉಳಿಯಿತು.

ಕಂಪನಿ ಕಟ್ಟಿದ ಊರು

ಈಗಿನ ಗೊಂದಲ ಅರ್ಥವಾಗಬೇಕಾದರೆ ಊರನ್ನು ಹೇಗೆ ಕಟ್ಟಿದರು ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಇಲ್ಲಿ ಚಿನ್ನವಿದೆ ಅನ್ನೋದು ಸ್ಥಳೀಯರಿಗೆ ಬಹಳ ಹಿಂದೆಯೇ ಗೊತ್ತಿತ್ತು. 1802ರಲ್ಲಿ ಗಡಿ ಸರ್ವೆಗೆ ಬಂದ ಲೆಫ್ಟಿನೆಂಟ್ ಜಾನ್ ವಾರೆನ್‌ಗೆ ಮಾರಿಕುಪ್ಪಂ ಸುತ್ತಿನ ಹಳ್ಳಿಯವರು ಮಣ್ಣು ತೊಳೆದು ಚಿನ್ನದ ಕಣ ತೋರಿಸಿದ್ದರು. ಅವನು ಬರೆದಿಟ್ಟ ವರದಿಯನ್ನು ಸುಮಾರು ಎಪ್ಪತ್ತು ವರ್ಷದ ಮೇಲೆ ಮೈಕೆಲ್ ಲವೆಲ್ ಅನ್ನುವ ನಿವೃತ್ತ ಐರಿಷ್ ಸಿಪಾಯಿ ಓದಿದ. ನ್ಯೂಜಿಲೆಂಡಿನಲ್ಲಿ ಯುದ್ಧ ಮಾಡಿ ಬಂದು ಬೆಂಗಳೂರು ದಂಡಿನಲ್ಲಿ ನೆಲೆಸಿದ್ದವನು. ಎತ್ತಿನ ಗಾಡಿಯಲ್ಲಿ ಕೋಲಾರಕ್ಕೆ ಹೋಗಿ ಸುತ್ತಾಡಿ ಬಂದ. 1875ರಲ್ಲಿ ಅವನಿಗೆ 20 ವರ್ಷದ ಗುತ್ತಿಗೆ ಸಿಕ್ಕಿತು. ದುಡ್ಡು ಸಾಲದೆ ಅವನು ಅದನ್ನು ಬೇರೆಯವರಿಗೆ ದಾಟಿಸಿದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಬಂದಮೇಲೆ ಕೆಲಸ ದೊಡ್ಡದಾಯಿತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಹೀಗೆ ಒಂದೊಂದೇ ಗಣಿ ಹೆಸರು ಮಾಡಿದವು.

ಇಲ್ಲಿಂದ ಮುಂದೆ ಪ್ರತಿಯೊಂದು ಸೌಕರ್ಯವೂ ಗಣಿಗಾಗಿಯೇ ಬಂತು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗೆ ರೈಲು ಹಳಿ ಬಿತ್ತು. ಕಲ್ಲಿದ್ದಲು, ಯಂತ್ರ, ಮರದ ತೊಲೆ ತರಲು. ಆಮೇಲೆ ಬೇತಮಂಗಲದ ಕೆರೆಯಿಂದ ನೀರಿನ ಕೊಳವೆ ಬಂತು. 1902ರ ಜೂನ್‌ನಲ್ಲಿ ಶಿವನಸಮುದ್ರದ ಕರೆಂಟು ಸುಮಾರು 148 ಕಿಲೋಮೀಟರ್ ತಂತಿಯಲ್ಲಿ ಓಡಿಬಂತು. ಆ ಕಾಲಕ್ಕೆ ಜಗತ್ತೇ ತಿರುಗಿ ನೋಡುವಷ್ಟು ಉದ್ದದ ತಂತಿ ಅದು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು ಅದಾಗಿ ಮೂರು ವರ್ಷಕ್ಕೆ, 1905ರಲ್ಲಿ. "ಬೆಂಗಳೂರಿಗಿಂತ ಮೊದಲೇ ನಮಗೆ ಕರೆಂಟ್" ಅಂತ ಕೆಜಿಎಫ್‌ನವರು ಹೆಮ್ಮೆಪಡುವುದು ಸರಿಯೇ. ಆದರೆ ಆ ಕರೆಂಟು ಬಂದಿದ್ದು ಯಂತ್ರಗಳಿಗೆ.

ಕೆಲಸಕ್ಕೆ ಬಂದವರು ಯಾರು? ಉತ್ತರ ಆರ್ಕಾಟ್, ಚಿತ್ತೂರು, ಸೇಲಂ ಕಡೆಯ ತಮಿಳು, ತೆಲುಗು ಮಾತಾಡುವ ಬಡವರು. ಅವರಲ್ಲಿ ಹೆಚ್ಚಿನವರು ದಲಿತರು. ಹಳ್ಳಿಯ ಜೀತ, ಬರ, ಅವಮಾನ ಬಿಟ್ಟು ಬಂದವರು. ಗಣಿಯೊಳಗೆ ಪ್ರಾಣಕ್ಕೆ ಅಪಾಯವಿತ್ತು, ಆದರೆ ತಿಂಗಳಿಗೆ ಕೂಲಿ ಕೈಗೆ ಬರುತ್ತಿತ್ತು. ಮೇಲ್ವಿಚಾರಣೆಗೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ತವರದ ಗಣಿಯಲ್ಲಿ ಪಳಗಿದವರು ಬಂದರು. ಅವರಿಗೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಕೂಲಿಗಳಿಗೆ ಸಾಲಾಗಿ ಕಟ್ಟಿದ ಪುಟ್ಟ ಲೈನ್ ಮನೆ. ಇವತ್ತು ಊರೊಳಗೆ ನಡೆದುಹೋದರೆ ಈ ಎರಡೂ ಪಕ್ಕಪಕ್ಕ ಕಾಣುತ್ತವೆ. ಬಂಗಲೆಗಳಿರುವ ಎತ್ತರದ ಜಾಗದಲ್ಲಿ ದೊಡ್ಡ ಮರಗಳು, ತಗ್ಗಿನಲ್ಲಿ ಒಂದಕ್ಕೊಂದು ಅಂಟಿಕೊಂಡ ಗೋಡೆಗಳು. ಯಾರು ಎಲ್ಲಿರಬೇಕು ಅಂತ ಕಂಪನಿ ಹಾಕಿದ ನಕ್ಷೆ ಇನ್ನೂ ಅಳಿಸಿಲ್ಲ.

ಈ ಜನ ಸುಮ್ನೆ ಇರಲಿಲ್ಲ. 1930ರಲ್ಲಿ ಕಂಪನಿ ಕಾರ್ಮಿಕರ ಬೆರಳಚ್ಚು ತಗೊಂಡು ನೋಂದಣಿ ಮಾಡಲು ಹೊರಟಾಗ ಇಡೀ ಗಣಿ ಮೂರು ವಾರ ನಿಂತುಹೋಯಿತು. ನಮ್ಮನ್ನೇನು ಕಳ್ಳರು ಅಂದುಕೊಂಡಿದ್ದೀರಾ ಅನ್ನುವುದು ಅವರ ಸಿಟ್ಟು. 1946ರ ನವೆಂಬರ್‌ನಲ್ಲಿ ಪೊಲೀಸ್ ಗೋಲಿಬಾರಿನಲ್ಲಿ ಕಾರ್ಮಿಕರು ಸತ್ತರು. ಕಮ್ಯುನಿಸ್ಟ್ ಸಂಘಟನೆ, ಅಂಬೇಡ್ಕರ್ ಚಳವಳಿ, ಬೌದ್ಧ ಧರ್ಮ ಎಲ್ಲವೂ ಇಲ್ಲಿ ಬೇಗ ಬೇರುಬಿಟ್ಟವು. ಕರ್ನಾಟಕದ ದಲಿತ ಚರಿತ್ರೆ ಬರೆಯುವವರು ಕೆಜಿಎಫ್ ದಾಟಿ ಹೋಗುವಂತೆಯೇ ಇಲ್ಲ. ಸಿನಿಮಾ ನೋಡಿ ಊರಿಗೆ ಬರುವವರಿಗೆ ಈ ಭಾಗ ಗೊತ್ತೇ ಇರುವುದಿಲ್ಲ, ಅಲ್ವಾ?

ಕಾರಣ ಮತ್ತು ಪರಿಣಾಮ ಇಲ್ಲಿ ನೇರವಾಗಿದೆ. ನೀರು, ಕರೆಂಟು, ರಸ್ತೆ, ಆಸ್ಪತ್ರೆ, ಶಾಲೆ, ಮನೆ ಎಲ್ಲವನ್ನೂ ಕಂಪನಿಯೇ ಕೊಟ್ಟಿದ್ದರಿಂದ ಯಾವುದೂ ಊರಿನ ಸ್ವಂತದ್ದಾಗಲಿಲ್ಲ. ಮೈಸೂರು ಸಂಸ್ಥಾನ ರಾಜಧನ, ಅಂದರೆ ರಾಯಲ್ಟಿ, ಎಣಿಸಿಕೊಂಡಿತು. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಗಳು ಗಣಿಯ ಅಂಚಿನಲ್ಲಿ ವ್ಯಾಪಾರದಿಂದ ಬೆಳೆದವು. ಅವೂ ನಿಂತಿದ್ದು ಗಣಿಯ ಸಂಬಳದ ಮೇಲೆಯೇ.

ಮುಚ್ಚಿದ್ದು ಯಾಕೆ?

"ಚಿನ್ನ ಮುಗಿಯಿತು, ಮುಚ್ಚಿದರು" ಅನ್ನುವುದು ಅರ್ಧ ಸತ್ಯ.

ಶುರುವಿನ ವರ್ಷಗಳಲ್ಲಿ ಒಂದು ಟನ್ ಕಲ್ಲಿಗೆ 40 ಗ್ರಾಂಗೂ ಜಾಸ್ತಿ ಚಿನ್ನ ಸಿಗುತ್ತಿತ್ತು. ಕೊನೆಗೆ ಅದು 3 ಗ್ರಾಂ ಆಸುಪಾಸಿಗೆ ಇಳಿಯಿತು. ಅದೇ ವೇಳೆಗೆ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ ಹೋಗಿತ್ತು. ಅಷ್ಟು ಆಳದಲ್ಲಿ ಬಂಡೆಯ ಬಿಸಿಯೇ 60 ಡಿಗ್ರಿ ದಾಟುತ್ತದೆ. ತಂಪು ಗಾಳಿ ಇಳಿಸಬೇಕು, ನೀರು ಎತ್ತಬೇಕು, ಒತ್ತಡಕ್ಕೆ ಬಂಡೆ ಸಿಡಿಯುವುದನ್ನು ಕಾಯಬೇಕು. ಪ್ರತಿ ಗ್ರಾಂನ ಖರ್ಚು ಏರುತ್ತಲೇ ಹೋಯಿತು.

ಇನ್ನರ್ಧ ಲೆಕ್ಕದ ಪುಸ್ತಕದಲ್ಲಿದೆ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ರಾಷ್ಟ್ರೀಕರಣ ಮಾಡಿತು. 1962ರಲ್ಲಿ ಅವು ಕೇಂದ್ರದ ಕೈಗೆ ಹೋದವು. 1972ರಲ್ಲಿ ಬಿಜಿಎಂಎಲ್ ಆಯಿತು. ಆ ಕಾಲದ ಅಂತಾರಾಷ್ಟ್ರೀಯ ಅಧಿಕೃತ ದರ ಔನ್ಸಿಗೆ 35 ಡಾಲರ್. ದೇಶದೊಳಗಿನ ಪೇಟೆಯ ಬೆಲೆ ಅದಕ್ಕಿಂತ ಬಹಳ ಮೇಲಿತ್ತು. ಕೋಲಾರದ ಚಿನ್ನ ಸರ್ಕಾರಕ್ಕೆ ಹೋಗಿದ್ದು ಕಡಿಮೆ ದರದಲ್ಲಿ, ಆದ್ದರಿಂದಲೇ ಪುಸ್ತಕದಲ್ಲಿ ನಷ್ಟ ಕಂಡಿದ್ದು ಅನ್ನುವುದು ಕಾರ್ಮಿಕ ಸಂಘಗಳ ಹಳೇ ವಾದ. ಗಣಿ ಮುಚ್ಚಲು ಇದೊಂದೇ ಕಾರಣ ಅನ್ನಲಾಗದು. ಆದರೆ ಹೊಸ ಶೋಧಕ್ಕೆ, ಹೊಸ ಯಂತ್ರಕ್ಕೆ ದುಡ್ಡು ಯಾಕೆ ಉಳಿಯಲಿಲ್ಲ ಅನ್ನುವುದಕ್ಕೆ ಇದು ಒಂದು ಉತ್ತರ.

1992ರಲ್ಲಿ ಬಿಜಿಎಂಎಲ್ ರೋಗಗ್ರಸ್ತ ಕಂಪನಿಗಳ ಪಟ್ಟಿಗೆ ಸೇರಿತು. 2001ರ ಫೆಬ್ರುವರಿ 28 ಕೊನೆಯ ದಿನ. ಒಂದು ಕಾಲಕ್ಕೆ 30 ಸಾವಿರದ ಆಸುಪಾಸು ಜನ ದುಡಿದ ಜಾಗದಲ್ಲಿ ಆ ಹೊತ್ತಿಗೆ ಉಳಿದಿದ್ದು ಮೂರೂವರೆ ಸಾವಿರದಷ್ಟು. ಅಷ್ಟೂ ಜನ ಒಟ್ಟಿಗೆ ಮನೆಗೆ ಬಂದರು. ಆ ಮನೆಯೂ ಅವರದಾಗಿರಲಿಲ್ಲ.

ಈಗ ಯಾಕೆ ದಿಬ್ಬದ ಮೇಲೆ ಕಣ್ಣು?

ಬೆಲೆ. ಬೇರೆ ಕಾರಣ ಹುಡುಕಬೇಕಿಲ್ಲ.

2001ರಲ್ಲಿ 10 ಗ್ರಾಂ ಚಿನ್ನಕ್ಕೆ ಸುಮಾರು 4,300 ರೂಪಾಯಿ ಇತ್ತು. 2025ರಲ್ಲಿ ಅದು ಒಂದು ಲಕ್ಷ ದಾಟಿತು. ದಿಬ್ಬದ ಪುಡಿಯಲ್ಲಿ ಟನ್ನಿಗೆ ಹೆಚ್ಚೆಂದರೆ ಒಂದು ಗ್ರಾಂ ಚಿನ್ನ. 0.7 ಗ್ರಾಂ ಅಂತ ಹಿಡಿಯೋಣ. 2001ರ ಬೆಲೆಯಲ್ಲಿ ಒಂದು ಟನ್ ಪುಡಿಯೊಳಗೆ ಇದ್ದದ್ದು 300 ರೂಪಾಯಿ ಚಿನ್ನ. ಅಗೆದು, ಸಾಗಿಸಿ, ಮತ್ತೆ ಅರೆದು ತೆಗೆಯಲು ಅದು ಸಾಲುತ್ತಿರಲಿಲ್ಲ. 2025ರ ಒಂದು ಲಕ್ಷದ ಬೆಲೆ ಹಿಡಿದರೆ ಅದೇ ಒಂದು ಟನ್‌ನಲ್ಲಿ 7 ಸಾವಿರ ರೂಪಾಯಿ ಚಿನ್ನವಿದೆ. ಮಣ್ಣು ಬದಲಾಗಿಲ್ಲ, ಬೆಲೆ ಬದಲಾಗಿದೆ. ಇನ್ನೊಂದು ಅನುಕೂಲವೂ ಇದೆ. ಕಲ್ಲು ಒಡೆಯುವ ದುಬಾರಿ ಕೆಲಸ ನೂರು ವರ್ಷದ ಹಿಂದೆಯೇ ಯಾರದೋ ರಟ್ಟೆಯಲ್ಲಿ ಮುಗಿದುಹೋಗಿದೆ.

ಇದು ಪ್ರಯೋಗವೂ ಅಲ್ಲ. ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್ ಸುತ್ತ ಇಂಥ ಹಳೇ ದಿಬ್ಬಗಳನ್ನು 1970ರ ದಶಕದಿಂದ ಕರಗಿಸುತ್ತಿದ್ದಾರೆ. ಜೋರಾದ ನೀರಿನ ಧಾರೆ ಹೊಡೆದು ದಿಬ್ಬವನ್ನು ಕೆಸರು ಮಾಡಿ, ಕೊಳವೆಯಲ್ಲಿ ಘಟಕಕ್ಕೆ ಹರಿಸುತ್ತಾರೆ. ಇಲ್ಲಿಗಿಂತ ಕಡಿಮೆ ಚಿನ್ನವಿರುವ ಪುಡಿಯಲ್ಲೂ ಅವರಿಗೆ ಲಾಭ ಬಂದಿದೆ.

ಹಾಗಾದರೆ ಒಟ್ಟು ಎಷ್ಟು? 3.3 ಕೋಟಿ ಟನ್, ಟನ್ನಿಗೆ 0.7 ಗ್ರಾಂ ಅಂದರೆ 23 ಟನ್ ಚಿನ್ನ. ಗ್ರಾಂಗೆ 10 ಸಾವಿರ ಹಿಡಿದರೂ 23 ಸಾವಿರ ಕೋಟಿ ರೂಪಾಯಿ. ಇಷ್ಟೂ ಕೈಗೆ ಬರುವುದಿಲ್ಲ. ಒಮ್ಮೆ ಸೈನೈಡಿಗೂ ಬಿಟ್ಟುಕೊಡದ ಚಿನ್ನ ಎರಡನೇ ಸಲವೂ ಪೂರ್ತಿ ಬಿಡುವುದಿಲ್ಲ. ಒಂದಷ್ಟು ಮಣ್ಣಿನಲ್ಲೇ ಉಳಿಯುತ್ತದೆ. "ದೇಶದ ಚಿನ್ನದ ಆಮದು ನಿಲ್ಲುತ್ತೆ" ಅನ್ನುವವರಿಗೆ ಒಂದು ಲೆಕ್ಕ: ಭಾರತ ವರ್ಷಕ್ಕೆ 700ರಿಂದ 800 ಟನ್ ಚಿನ್ನ ತರಿಸಿಕೊಳ್ಳುತ್ತದೆ. 23 ಟನ್ ಅಂದರೆ ಹತ್ತರಿಂದ ಹನ್ನೆರಡು ದಿನದ ಆಮದು. ದೇಶಕ್ಕೆ ಇದು ಚಿಲ್ಲರೆ. ಗೆದ್ದ ಕಂಪನಿಗೆ, ರಾಜಧನ ಪಡೆಯುವ ರಾಜ್ಯಕ್ಕೆ ದೊಡ್ಡ ಮೊತ್ತ.

ಯಾರ ವಾದ ಏನು?

ಕೇಂದ್ರದ ನೋಟ ಸರಳ. ಬಿಜಿಎಂಎಲ್ ಹೆಸರಿಗೆ ಮಾತ್ರ ಬದುಕಿರುವ ಕಂಪನಿ. ಅದರ ಆಸ್ತಿ ಬಹಳ ವರ್ಷ ಕೋರ್ಟಿನಲ್ಲಿ ಸಿಕ್ಕಿಕೊಂಡಿತ್ತು. 2013ರಲ್ಲಿ ಸುಪ್ರೀಂ ಕೋರ್ಟ್ ಜಾಗತಿಕ ಟೆಂಡರಿಗೆ ದಾರಿ ಬಿಟ್ಟಿತು. ಆಮೇಲೂ ಕೆಲಸ ಮುಂದೆ ಹೋಗಲಿಲ್ಲ. ದಿಬ್ಬಗಳನ್ನಾದರೂ ಹರಾಜು ಹಾಕಿದರೆ ಹಳೇ ಲೆಕ್ಕ ಚುಕ್ತಾ ಮಾಡಬಹುದು ಅನ್ನುವುದು ಅವರ ಆಲೋಚನೆ.

ರಾಜ್ಯದ ಆಸಕ್ತಿ ಚಿನ್ನಕ್ಕಿಂತ ಜಮೀನಿನಲ್ಲಿದೆ ಅಂತ ನನಗನ್ನಿಸುತ್ತದೆ. ಬಿಜಿಎಂಎಲ್ ಹಿಡಿತದಲ್ಲಿರುವ ಜಾಗ ಸುಮಾರು 12 ಸಾವಿರ ಎಕರೆ. ಬೆಂಗಳೂರಿನಿಂದ 100 ಕಿಲೋಮೀಟರ್. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಬೇತಮಂಗಲದ ಹತ್ತಿರವೇ ಹಾದುಹೋಗುತ್ತದೆ, ರೈಲು ಮೊದಲೇ ಇದೆ. ಕೈಗಾರಿಕಾ ಪ್ರದೇಶಕ್ಕೆ ಇಂಥ ಜಾಗ ಇನ್ನೆಲ್ಲಿ ಸಿಗುತ್ತೆ? ಗಣಿ ಗುತ್ತಿಗೆಯ ಹೆಸರಿನಲ್ಲಿ ಕೇಂದ್ರದ ಕಂಪನಿ ಹಿಡಿದಿಟ್ಟುಕೊಂಡಿರುವ ನೆಲ ವಾಪಸ್ ಬರಲಿ ಅನ್ನುವುದು ರಾಜ್ಯದ ಹಳೇ ಒತ್ತಾಯ. ಜಮೀನು ರಾಜ್ಯದ್ದು, ಗುತ್ತಿಗೆ ಕೇಂದ್ರದ ಕಂಪನಿಯದ್ದು. ಅದಕ್ಕೇ ಒಬ್ಬರ ಸಹಿಯಿಂದ ಏನೂ ಆಗುವುದಿಲ್ಲ, ಅದಕ್ಕೇ ಇಷ್ಟು ವರ್ಷ ಏನೂ ಆಗಿಲ್ಲ.

ಮಾಜಿ ಕಾರ್ಮಿಕರ ಕುಟುಂಬಗಳಿಗೆ ಮೂರು ಮಾತಿದೆ: ಬಾಕಿ ಹಣ, ಮನೆಯ ಹಕ್ಕುಪತ್ರ, ಮಕ್ಕಳಿಗೆ ಕೆಲಸ. ಕಂಪನಿ ಇದ್ದಾಗ ಲೈನ್ ಮನೆ ಸಂಬಳದ ಭಾಗವಾಗಿತ್ತು. ಕಂಪನಿ ಹೋದಮೇಲೂ ಜನ ಅಲ್ಲೇ ಇದ್ದಾರೆ, ಸೂರು ಸೋರಿದರೆ ತಾವೇ ರಿಪೇರಿ ಮಾಡಿಕೊಂಡಿದ್ದಾರೆ. ಕಾಗದ ಪಕ್ಕಾ ಆಗದ ಮನೆಯ ಪಕ್ಕದಲ್ಲಿ ಹರಾಜು ನಡೆದರೆ ನಾಳೆ ಏನಾಗುತ್ತದೋ ಅನ್ನುವ ಭಯ ಸಹಜ. 2012ರಲ್ಲಿ ಕೂಡಂಕುಳಂ ಅಣು ತ್ಯಾಜ್ಯವನ್ನು ಕೆಜಿಎಫ್ ಸುರಂಗದಲ್ಲಿ ಇಡುವ ಮಾತು ಸುಪ್ರೀಂ ಕೋರ್ಟಿನಲ್ಲಿ ಬಂದು, ಊರು ಬೀದಿಗಿಳಿದು, ಆಮೇಲೆ ಅಂಥ ಯೋಜನೆ ಇಲ್ಲ ಅಂತ ಸರ್ಕಾರ ಹೇಳಬೇಕಾಯಿತು. ಇಂಥದ್ದು ಒಮ್ಮೆ ಆದರೆ ಜನರ ನಂಬಿಕೆ ವಾಪಸ್ ಬರುವುದು ಕಷ್ಟ.

ಪರಂಪರೆ ಉಳಿಸಬೇಕು ಅನ್ನುವವರದು ನಾಲ್ಕನೇ ದನಿ. ಅವರ ಸಂಖ್ಯೆ ಕಡಿಮೆ. ಅವರ ಮಾತಿಗೆ ಮುಂದೆ ಬರೋಣ.

ದೂಳು, ನೀರು ಮತ್ತು ಹೊಸ ದಿಬ್ಬ

ಸೈನೈಡ್ ದಿಬ್ಬ ಅಂದಕೂಡಲೇ ಜನ ಹೆದರುವುದು ಸೈನೈಡಿಗೆ. ಸೈನೈಡ್ ಬಿಸಿಲು, ಗಾಳಿಗೆ ಕಾಲಕ್ರಮೇಣ ಒಡೆದುಹೋಗುತ್ತದೆ. ಹೆಚ್ಚು ಕಾಲ ಉಳಿಯುವುದು ನುಣ್ಣಗೆ ಅರೆದ ಕಲ್ಲಿನ ಪುಡಿ, ಅದರೊಳಗಿನ ಸಿಲಿಕಾ. ಗಾಳಿ ಬೀಸಿದಾಗ ಅದು ಹಾರುತ್ತದೆ, ಮನೆಯೊಳಗೆ ಬರುತ್ತದೆ, ಶ್ವಾಸಕೋಶಕ್ಕೆ ಇಳಿಯುತ್ತದೆ. ಈ ಪುಡಿ ಉಸಿರಾಡಿ ಬರುವ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್ ಈ ಊರಿಗೆ ಹೊಸ ಹೆಸರಲ್ಲ. 1940ರ ದಶಕದಲ್ಲಿ ಇಲ್ಲಿಯ 7,653 ಗಣಿ ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇ. 43ಕ್ಕೂ ಜಾಸ್ತಿ ಜನರಲ್ಲಿ ಅದು ಕಂಡಿತ್ತು. ಅವರು ಸುರಂಗದೊಳಗೆ ಉಸಿರಾಡಿದವರು, ದಿಬ್ಬದ ಪಕ್ಕ ಇರುವವರ ಪ್ರಮಾಣ ಹೀಗೇ ಅಂತ ಹೇಳಲಾಗದು. ಆದರೆ ಪುಡಿ ಅದೇ.

ಇಲ್ಲಿ ಒಂದು ವಿಚಿತ್ರವಿದೆ. ದಿಬ್ಬ ಇದ್ದರೂ ದೂಳು, ಅಗೆದರೂ ದೂಳು. ಹಾಗೇ ಬಿಟ್ಟರೆ ಪ್ರತಿ ಗಾಳಿಗಾಲಕ್ಕೂ ಅದೇ ಗೋಳು. ದಶಕಗಳಲ್ಲಿ ಗಟ್ಟಿಯಾದ ಮೇಲ್ಪದರವನ್ನು ಕೆದಕಿದರೆ ಕೆಲಸ ನಡೆಯುವಷ್ಟು ವರ್ಷ ಇನ್ನೂ ಜಾಸ್ತಿ. ಒದ್ದೆ ಮಾಡಿ ಅಗೆದರೆ ದೂಳು ಅಡಗುತ್ತದೆ, ಆದರೆ ನೀರು ಬೇಕು. ಕೋಲಾರ ಜಿಲ್ಲೆಯಲ್ಲಿ ನೀರು! ಬೋರ್‌ವೆಲ್ ಸಾವಿರ ಅಡಿ ದಾಟಿದ ಜಿಲ್ಲೆ ಇದು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆರೆ ತುಂಬಿಸುತ್ತಿರುವ ಜಿಲ್ಲೆ. ಘಟಕಕ್ಕೆ ನೀರು ಎಲ್ಲಿಂದ ಅನ್ನುವ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಉಳಿದ ಲೆಕ್ಕವೆಲ್ಲ ಕಾಗದದ್ದು.

ಅದಕ್ಕಿಂತ ದೊಡ್ಡ ಪ್ರಶ್ನೆಯನ್ನು ಸುದ್ದಿಗಳು ಮುಟ್ಟುವುದೇ ಇಲ್ಲ. 3.3 ಕೋಟಿ ಟನ್ ಮಣ್ಣಿನಿಂದ 23 ಟನ್ ಚಿನ್ನ ತೆಗೆದರೆ ಎಷ್ಟು ಉಳಿಯುತ್ತದೆ? ಹತ್ತಿರಹತ್ತಿರ 3.3 ಕೋಟಿ ಟನ್ನೇ. ಚಿನ್ನ ತೆಗೆಯುವುದು ಅಂದರೆ ದಿಬ್ಬ ಮಾಯವಾಗುವುದಲ್ಲ, ಅದು ಜಾಗ ಬದಲಿಸುವುದು. ಅದೂ ಮತ್ತೊಮ್ಮೆ ಸೈನೈಡಿನಲ್ಲಿ ನೆಂದು, ಒದ್ದೆ ಕೆಸರಾಗಿ. ಒಣಗಿದ ದಿಬ್ಬ ಕೂತಲ್ಲೇ ಕೂತಿರುತ್ತದೆ. ಒದ್ದೆ ಕೆಸರಿಗೆ ಕಟ್ಟೆ ಬೇಕು, ಅಡಿಗೆ ನೀರು ಇಳಿಯದ ಹಾಸು ಬೇಕು, ಕಟ್ಟೆ ಒಡೆಯದಂತೆ ವರ್ಷಾನುಗಟ್ಟಲೆ ಕಾವಲು ಬೇಕು. ಈ ಊರಿನ ಮಳೆನೀರು ಹರಿಯುವುದು ಪಾಲಾರ್ ಕಡೆಗೆ. ಪಾಲಾರ್ ಇಲ್ಲಿಂದ ಆಂಧ್ರಕ್ಕೆ, ಅಲ್ಲಿಂದ ತಮಿಳುನಾಡಿಗೆ ಹೋಗುತ್ತದೆ. ಸೋರಿದರೆ ತಕರಾರು ಒಂದು ಜಿಲ್ಲೆಯಲ್ಲಿ ನಿಲ್ಲುವುದಿಲ್ಲ.

ಒಳ್ಳೆಯದಾಗುವ ದಾರಿಯೂ ಇದೆ. ಹೊಸ ಕೆಸರನ್ನು ಮನೆಗಳಿಂದ ದೂರ, ಹಾಸು ಹಾಕಿದ ಜಾಗದಲ್ಲಿ ಇಟ್ಟು, ಮೇಲೆ ಮಣ್ಣು ಮುಚ್ಚಿ ಹುಲ್ಲು ಬೆಳೆಸಿದರೆ ನೂರು ವರ್ಷದ ದೂಳಿಗೆ ಕೊನೆಯಾಗುತ್ತದೆ. ಒಂದು ಭಾಗವನ್ನು ಸಿಮೆಂಟ್ ಬೆರೆಸಿ ಹಳೇ ಸುರಂಗಗಳಿಗೆ ತುಂಬಬಹುದು, ಬೇರೆ ದೇಶಗಳ ಗಣಿಗಳಲ್ಲಿ ಹಾಗೆ ಮಾಡುತ್ತಾರೆ. ಊರಿನ ನಡುವೆ ಸಾವಿರ ಎಕರೆ ಖಾಲಿಯಾಗುತ್ತದೆ. ಆದರೆ ಇದೆಲ್ಲ ಖರ್ಚಿನ ಬಾಬ್ತು. ಹರಾಜಿನ ಷರತ್ತಿನಲ್ಲಿ ಬರೆದಿದ್ದರೆ ಕಂಪನಿ ಮಾಡುತ್ತದೆ. ಬರೆಯದಿದ್ದರೆ ಯಾವ ಕಂಪನಿ ತಾನಾಗಿ ಮಾಡುತ್ತದೆ?

ನೋಡಲು ಏನಿದೆ?

ಕೆಜಿಎಫ್‌ಗೆ ಹೋಗಿಬಂದವರು ಸಾಮಾನ್ಯವಾಗಿ "ಏನೂ ಇಲ್ಲ" ಅನ್ನುತ್ತಾರೆ. ಟಿಕೆಟ್ ಕೊಟ್ಟು ಒಳಗೆ ಬಿಡುವ ಗಣಿ ಇಲ್ಲ, ಶಾಫ್ಟ್‌ಗಳ, ಅಂದರೆ ಗಣಿಗೆ ಇಳಿಯುವ ಬಾವಿಗಳ, ಹತ್ತಿರ ಹೋಗುವಂತಿಲ್ಲ. 2018ರ ಸಿನಿಮಾದ ಚಿತ್ರೀಕರಣ ನಡೆದ ದಿಬ್ಬದ ಮುಂದೆ ಒಂದು ಫೋಟೋ, ಅಷ್ಟೇ.

ನಿಜಕ್ಕೂ ನೋಡಲು ಬಹಳ ಇದೆ, ಹೇಳುವವರಿಲ್ಲ. 1965ರಲ್ಲಿ ಚಾಂಪಿಯನ್ ರೀಫ್ ಗಣಿಯ 2.3 ಕಿಲೋಮೀಟರ್ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಒಸಾಕಾ ಸಿಟಿ ಮತ್ತು ಡರ್ಹಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಅನ್ನುವ ಅತಿ ಸೂಕ್ಷ್ಮ ಕಣಗಳನ್ನು ಪತ್ತೆ ಮಾಡಿದರು. ಜಗತ್ತಿನಲ್ಲಿ ಅಂಥ ಮೊದಲ ಪತ್ತೆಗಳಲ್ಲಿ ಅದೊಂದು. ಇಂಥ ಜಾಗಕ್ಕೆ ಬೇರೆ ದೇಶದಲ್ಲಾಗಿದ್ದರೆ ಒಂದು ವಸ್ತುಸಂಗ್ರಹಾಲಯ ಇರುತ್ತಿತ್ತು. ಕೋಲಾರಕ್ಕೆ ಮೇಸ್ತ್ರಿಗಳನ್ನು ಕಳಿಸಿದ ಕಾರ್ನ್‌ವಾಲ್‌ನ ಗಣಿ ಪ್ರದೇಶವನ್ನು ಯುನೆಸ್ಕೊ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿಯ ಪಾಳುಬಿದ್ದ ಎಂಜಿನ್ ಮನೆಗಳನ್ನು ನೋಡಲು ಜನ ಹೋಗುತ್ತಾರೆ. ಅದೇ ಮೇಸ್ತ್ರಿಗಳು ಇಲ್ಲಿ ನಿಲ್ಲಿಸಿದ ಗೋಪುರಗಳು ಗುಜರಿ ಬೆಲೆಗೆ ತೂಗುವ ಕಬ್ಬಿಣವಾಗಿ ನಿಂತಿವೆ.

ಪ್ರವಾಸೋದ್ಯಮ ಒಂದೇ ಊರನ್ನು ಸಾಕುತ್ತದೆ ಅನ್ನುವುದು ಅತಿಯಾಸೆ. 2011ರ ಜನಗಣತಿಯಲ್ಲಿ ಇಲ್ಲಿಯ ನಗರಸಭೆ ವ್ಯಾಪ್ತಿಯ ಜನಸಂಖ್ಯೆ 1.62 ಲಕ್ಷ. ಫೋಟೋ ತೆಗೆಯಲು ಬರುವವರಿಂದ ಅಷ್ಟು ಮನೆಯ ಒಲೆ ಉರಿಯುವುದಿಲ್ಲ. ಆದರೆ ಗೋಪುರ, ಶಾಫ್ಟ್ ಮತ್ತು ಒಂದೆರಡು ಲೈನ್‌ಗಳನ್ನು ಉಳಿಸಿಕೊಳ್ಳುವುದಕ್ಕೂ ದಿಬ್ಬದ ಚಿನ್ನ ತೆಗೆಯುವುದಕ್ಕೂ ಜಗಳವೇನಿಲ್ಲ. ಅವು ಬೇರೆ ಬೇರೆ ಜಾಗದಲ್ಲಿವೆ. ಜಗಳ ಬರುವುದು ಇಡೀ ನೆಲವನ್ನು ಒಂದೇ ಸಲ ಕೈಗಾರಿಕಾ ಪ್ಲಾಟು ಅಂತ ಗೀಟು ಹಾಕಿದಾಗ.

ಮುಂದೆ ಏನಾಗಬಹುದು?

ಬೆಲೆ ಈಗಿನಂತೆ ಇದ್ದರೆ ದಿಬ್ಬಗಳಿಗೆ ಗಿರಾಕಿ ಸಿಗುವುದರಲ್ಲಿ ಅನುಮಾನ ಕಡಿಮೆ. ಬೆಲೆ ಬಿದ್ದರೆ ಗೆದ್ದ ಕಂಪನಿ ಅರ್ಧಕ್ಕೆ ಕೈಬಿಡಬಹುದು. ಅರ್ಧ ಕೆದಕಿದ ದಿಬ್ಬ ಕೆದಕದ ದಿಬ್ಬಕ್ಕಿಂತ ಕೆಟ್ಟದ್ದು. ಹಾಗಾಗಿ ಮುಚ್ಚುವ ಖರ್ಚನ್ನು ಕೆಲಸ ಶುರುವಾಗುವ ಮೊದಲೇ ಠೇವಣಿಯಾಗಿ ಇರಿಸಿಕೊಳ್ಳಬೇಕು. ಮನೆಗಳ ಕಾಗದವೂ ಹರಾಜಿಗೆ ಮೊದಲೇ ಮುಗಿಯಬೇಕು. ನೆಲಕ್ಕೆ ಬೆಲೆ ಬಂದಮೇಲೆ ಹಕ್ಕುಪತ್ರ ಕೊಡುವುದು ಸರ್ಕಾರಗಳಿಗೆ ಕಷ್ಟವಾಗುತ್ತದೆ, ಅದು ಎಲ್ಲ ಊರಿನಲ್ಲೂ ಕಂಡದ್ದೇ. ಕೆಲಸದ ಪ್ರಮಾಣ ಸಣ್ಣದು, ಕಾಲ ಕೆಲವು ವರ್ಷ. ಆದ್ದರಿಂದ ಬೆಳಗಿನ ಜಾವ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ರೈಲಿನ ರಷ್ಷು ಇದರಿಂದ ಕರಗುವುದಿಲ್ಲ. ಗಣಿಗೆ ಕಲ್ಲಿದ್ದಲು ತರಲು ಹಾಕಿದ ಹಳಿಯ ಮೇಲೆ ಈಗ ಊರಿನ ದುಡಿಯುವ ಜನ ದಿನಾ ಹೊರಗೆ ಹೋಗಿ ರಾತ್ರಿ ವಾಪಸ್ ಬರುತ್ತಾರೆ.

ಇನ್ನು ಮುಂದೆ "ಕೆಜಿಎಫ್ ಶುರು" ಅನ್ನೋ ಸುದ್ದಿ ಬಂದಾಗ ಚಿನ್ನ ಎಷ್ಟು ಕೆಜಿ ಅಂತ ನೋಡುವ ಮೊದಲು ಯೋಜನೆಯ ನಕ್ಷೆ ಸಿಗುತ್ತದಾ ನೋಡಿ. ಅದರಲ್ಲಿ ಹೊಸ ಕೆಸರು ಸುರಿಯುವ ಜಾಗ ಎಲ್ಲಿ ಗುರುತಾಗಿದೆ, ಅಲ್ಲಿಂದ ಹತ್ತಿರದ ಲೈನ್ ಮನೆ ಎಷ್ಟು ದೂರ, ಗಾಳಿ ಯಾವ ಕಡೆಯಿಂದ ಬೀಸುತ್ತದೆ.